ಸರ್ ಎಂ. ವಿಶ್ವೇಶ್ವರಯ್ಯನವರು ಮತ್ತು ಮೈಸೂರು ಸಂಸ್ಥಾನದ ರೈಲುಮಾರ್ಗಗಳು

ಪೀಠಿಕೆ

ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಹೆಸರನ್ನು ಕೇಳಿದ ಕೂಡಲೇ ನಾಡಿನ ಜನರಿಗೆ ಕೃಷ್ಣರಾಜಸಾಗರ ಅಣೆಕಟ್ಟು ನೆನಪಿಗೆ ಬರುತ್ತದೆ. ಮೈಸೂರು ವಿಶ್ವವಿದ್ಯಾನಿಲಯ, ಮೈಸೂರು ಬ್ಯಾಂಕ್, ಕನ್ನಡ ಸಾಹಿತ್ಯ ಪರಿಷತ್ತು, ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಇವುಗಳ ಸ್ಥಾಪನೆಯಲ್ಲಿ ಅವರ ಪಾತ್ರವೂ ಸರ್ವವಿದಿತ. ಆದರೆ 1909 ರಿಂದ 1918 ರವರೆಗಿನ ಅವಧಿಯಲ್ಲಿ ಸಂಸ್ಥಾನದ ರೈಲುಮಾರ್ಗಗಳಿಗಾಗಿ ಅವರು ಕೈಗೊಂಡ ಕಾರ್ಯಗಳು ಅಷ್ಟಾಗಿ ಪ್ರಚಾರ ಪಡೆದಿಲ್ಲ. ಮೈಸೂರು–ಹಾಸನ–ಅರಸೀಕೆರೆ ಮಾರ್ಗದಲ್ಲಾಗಲಿ, ಬಂಗಾರಪೇಟೆ–ಕೋಲಾರ–ಚಿಕ್ಕಬಳ್ಳಾಪುರ ಮಾರ್ಗದಲ್ಲಾಗಲಿ ಇಂದು ಪ್ರಯಾಣಿಸುವ ನಾಗರಿಕರು ಆ ಅವಧಿಯಲ್ಲಿ ರೂಪುಗೊಂಡ ಮಾರ್ಗಗಳಲ್ಲಿಯೇ ಸಂಚರಿಸುತ್ತಿದ್ದಾರೆ. ಸಾರ್ವಜನಿಕರ ಮಾಹಿತಿಗಾಗಿ ಅವರ ಜೀವನವನ್ನು ಈ ದೃಷ್ಟಿಯಿಂದ ಇಲ್ಲಿ ಸಂಕ್ಷಿಪ್ತವಾಗಿ ನಿರೂಪಿಸಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ವಿಶ್ವೇಶ್ವರಯ್ಯನವರು 1861ರ ಸೆಪ್ಟೆಂಬರ್ 15 ರಂದು ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿ ಗ್ರಾಮದಲ್ಲಿ ಜನಿಸಿದರು. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು, ತಾಯಿ ವೆಂಕಟಲಕ್ಷ್ಮಮ್ಮನವರು. ಶಾಲಾ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡ ಬಾಲಕನು ಚಿಕ್ಕಬಳ್ಳಾಪುರದಲ್ಲಿ ಪ್ರಾರಂಭಿಕ ಶಿಕ್ಷಣವನ್ನು ಮುಗಿಸಿ, ಮುಂದಿನ ವಿದ್ಯಾಭ್ಯಾಸಕ್ಕಾಗಿ ಬೆಂಗಳೂರಿಗೆ ಬರಬೇಕಾಯಿತು. ಮನೆಪಾಠ ಹೇಳಿ ತನ್ನ ಖರ್ಚನ್ನು ತಾನೇ ನಿಭಾಯಿಸಿಕೊಂಡು ಸೆಂಟ್ರಲ್ ಕಾಲೇಜಿನಲ್ಲಿ ಓದಿ, 1881ರಲ್ಲಿ ಬಿ.ಎ. ಪದವಿಯನ್ನು ಪಡೆದರು. ತದನಂತರ ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ನೆರವಿನಿಂದ ಪುಣೆಯ ವಿಜ್ಞಾನ ಕಾಲೇಜನ್ನು ಸೇರಿ, 1883ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಪ್ರಥಮ ಸ್ಥಾನದಲ್ಲಿ ಉತ್ತೀರ್ಣರಾದರು.

ಅವರು ಬೆಂಗಳೂರಿನಲ್ಲಿ ಓದುತ್ತಿದ್ದ ವರ್ಷಗಳಲ್ಲಿಯೇ ಸಂಸ್ಥಾನವು ತನ್ನ ಇತಿಹಾಸದ ಅತ್ಯಂತ ಘೋರ ಕ್ಷಾಮಕ್ಕೆ ತುತ್ತಾಯಿತು. ರೈಲುಮಾರ್ಗದ ಮಹತ್ವವನ್ನು ಅರಿಯಲು ಈ ಕ್ಷಾಮದ ಹಿನ್ನೆಲೆಯನ್ನು ತಿಳಿಯುವುದು ಅವಶ್ಯಕ.

1876–78ರ ಕ್ಷಾಮ ಮತ್ತು ರೈಲುಮಾರ್ಗದ ಅಗತ್ಯ

1864ರಲ್ಲಿ ಮದ್ರಾಸ್ ರೈಲ್ವೆ ಕಂಪನಿಯು ಜೋಲಾರಪೇಟೆಯಿಂದ ಬೆಂಗಳೂರು ದಂಡು ಪ್ರದೇಶದವರೆಗೆ ಬ್ರಾಡ್ ಗೇಜ್ ಮಾರ್ಗವನ್ನು ತೆರೆದಿತ್ತು. ಅಲ್ಲಿಂದ ಮುಂದೆ ಸಂಸ್ಥಾನದ ಒಳನಾಡಿಗೆ ಹಳಿಗಳಿರಲಿಲ್ಲ. ಮಳೆ ಸತತವಾಗಿ ವಿಫಲವಾದಾಗ ಹೊರಗಿನಿಂದ ಬಂದ ಧಾನ್ಯವು ಬೆಂಗಳೂರಿನವರೆಗೆ ರೈಲಿನಲ್ಲಿ ತಲುಪಿತು. ಆದರೆ ಅದನ್ನು ಹಳ್ಳಿಗಳಿಗೆ ಸಾಗಿಸಬೇಕಾದ ಎತ್ತಿನ ಗಾಡಿಗಳಿಗೆ ಎತ್ತುಗಳೇ ಇರಲಿಲ್ಲ; ಮೇವು ಮತ್ತು ನೀರಿಲ್ಲದೆ ಜಾನುವಾರುಗಳು ಸತ್ತಿದ್ದವು. ಒಂದೆಡೆ ಧಾನ್ಯವಿದ್ದೂ ಮತ್ತೊಂದೆಡೆ ಜನರು ಹಸಿವಿನಿಂದ ಸಾಯುವಂತಾಯಿತು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಸಂಸ್ಥಾನದ ಜನಸಂಖ್ಯೆಯು 1881ರ ಜನಗಣತಿಯ ವೇಳೆಗೆ ಸುಮಾರು 42 ಲಕ್ಷಕ್ಕೆ ಕುಸಿದಿತ್ತು. ಕ್ಷಾಮದ ಪರಿಣಾಮವನ್ನು ಈ ಎರಡು ಸಂಖ್ಯೆಗಳೇ ತಿಳಿಸುತ್ತವೆ.

ಈ ಅನುಭವದ ನಂತರ ಬೆಂಗಳೂರು–ಮೈಸೂರು ನಡುವೆ ಸುಮಾರು 138 ಕಿ.ಮೀ. ಉದ್ದದ ಮೀಟರ್ ಗೇಜ್ ಮಾರ್ಗದ ಕಾಮಗಾರಿಯನ್ನು ಸಂಸ್ಥಾನದ ವತಿಯಿಂದಲೇ ಕೈಗೆತ್ತಿಕೊಳ್ಳಲಾಯಿತು. 1881ರಲ್ಲಿ ಆಡಳಿತವು ಒಡೆಯರ ಮನೆತನಕ್ಕೆ ಮರಳಿತು. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1882ರಲ್ಲಿ, ಈ ಮಾರ್ಗವು ಮೈಸೂರನ್ನು ತಲುಪಿತು.

ಕಂಪನಿಗೆ ವಹಿಸಿದ ಮಾರ್ಗಗಳು

ಕ್ಷಾಮಕಾಲದಲ್ಲಿ ಮಾಡಿದ ಸಾಲದ ಹೊರೆಯಿಂದ ಸಂಸ್ಥಾನದ ಖಜಾನೆಯು ಬಳಲಿತ್ತು. ಉತ್ತರದಲ್ಲಿ ಹರಿಹರದವರೆಗೆ ಮಾರ್ಗವನ್ನು ವಿಸ್ತರಿಸಲು ಬೇಕಾದ ಬಂಡವಾಳ ಇರಲಿಲ್ಲ. ಆದ ಕಾರಣ 1886ರಲ್ಲಿ ಸಂಸ್ಥಾನದ ಮಾರ್ಗಗಳ ನಿರ್ವಹಣೆಯನ್ನು ಸದರ್ನ್ ಮರಾಠ ರೈಲ್ವೆ ಕಂಪನಿಗೆ ವಹಿಸಲಾಯಿತು. ಕಂಪನಿಯು ಲಂಡನ್ನಿನಲ್ಲಿ ಬಂಡವಾಳವನ್ನು ಸಂಗ್ರಹಿಸಿತು. ಅದರ ಬಡ್ಡಿಯ ಹೊಣೆಯು ಸಂಸ್ಥಾನದ ಮೇಲೆ ಬಿದ್ದಿತು. 1908ರಲ್ಲಿ ಈ ಕಂಪನಿಯು ಮದ್ರಾಸ್ ರೈಲ್ವೆಯೊಂದಿಗೆ ವಿಲೀನಗೊಂಡು ಮದ್ರಾಸ್ ಮತ್ತು ಸದರ್ನ್ ಮರಾಠ ರೈಲ್ವೆ ಎಂಬ ಹೆಸರನ್ನು ಪಡೆಯಿತು.

ಈ ವ್ಯವಸ್ಥೆಯಿಂದ ಬೆಂಗಳೂರು–ಹರಿಹರ ಮಾರ್ಗವು ಪೂರ್ಣಗೊಂಡು ಪುಣೆಯ ಕಡೆಗೆ ಸಂಪರ್ಕ ದೊರೆಯಿತೆಂಬುದು ನಿಜ. ಆದರೆ ಮಾರ್ಗವು ಸಂಸ್ಥಾನದ ಆಸ್ತಿಯಾಗಿದ್ದರೂ ಗಾಡಿಗಳ ವೇಳಾಪಟ್ಟಿ, ಸರಕು ಸಾಗಣೆಯ ದರ, ಸಿಬ್ಬಂದಿಯ ನೇಮಕಾತಿ ಇವುಗಳ ತೀರ್ಮಾನವು ಸಂಸ್ಥಾನದ ಹೊರಗಿದ್ದ ಕಂಪನಿಯ ಕಛೇರಿಗಳಲ್ಲಿ ಆಗುತ್ತಿತ್ತು. ಸಂಸ್ಥಾನದ ಉತ್ಪನ್ನವು ಯಾವ ಬಂದರಿಗೆ, ಯಾವ ದರದಲ್ಲಿ ಹೋಗಬೇಕೆಂಬ ವಿಷಯದಲ್ಲಿ ಸಂಸ್ಥಾನದ ಸರ್ಕಾರಕ್ಕೆ ನೇರ ಅಧಿಕಾರವಿರಲಿಲ್ಲ. 1891ರಲ್ಲಿ ನಂಜನಗೂಡಿಗೂ 1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೂ ಮಾರ್ಗಗಳು ತಲುಪಿದ ನಂತರ ಒಂದು ದಶಕಕ್ಕೂ ಹೆಚ್ಚು ಕಾಲ ಗಮನಾರ್ಹವಾದ ಹೊಸ ಮಾರ್ಗವು ಸೇರ್ಪಡೆಯಾಗಲಿಲ್ಲ. ಹಾಸನ, ಕೋಲಾರ, ಚಿತ್ರದುರ್ಗದಂತಹ ಜಿಲ್ಲಾ ಕೇಂದ್ರಗಳಿಗೇ ರೈಲು ಇರಲಿಲ್ಲ.

ಬೊಂಬಾಯಿ ಸರ್ಕಾರದಲ್ಲಿ ಸೇವೆ

ವಿಶ್ವೇಶ್ವರಯ್ಯನವರು 1884ರಲ್ಲಿ ಬೊಂಬಾಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜಿನಿಯರ್ ಆಗಿ ಸೇವೆಗೆ ಸೇರಿದರು. ಸಿಂಧ್ ಪ್ರದೇಶದ ಸಕ್ಕರ್ ಪಟ್ಟಣಕ್ಕೆ ನೀರು ಸರಬರಾಜು ಯೋಜನೆ, ಪುಣೆಯ ಸಮೀಪದ ಖಡಕ್‌ವಾಸ್ಲಾ ಜಲಾಶಯಕ್ಕೆ 1903ರಲ್ಲಿ ಅಳವಡಿಸಲಾದ ಸ್ವಯಂಚಾಲಿತ ತೂಬುಬಾಗಿಲುಗಳು, ಏಡನ್ ನಗರದ ನೀರು ಮತ್ತು ಒಳಚರಂಡಿ ಯೋಜನೆಯ ವರದಿ ಇವು ಅವರಿಗೆ ಕೀರ್ತಿಯನ್ನು ತಂದವು. 1908ರಲ್ಲಿ ಸ್ವ-ಇಚ್ಛೆಯಿಂದ ನಿವೃತ್ತರಾದರು. ಅದೇ ವರ್ಷ ಮೂಸಿ ನದಿಯ ಪ್ರವಾಹದಿಂದ ಹಾನಿಗೊಳಗಾದ ಹೈದರಾಬಾದ್ ನಗರದ ರಕ್ಷಣಾ ಯೋಜನೆಯನ್ನು ರೂಪಿಸುವ ಕೆಲಸವನ್ನು ಮುಂದೆ ವಹಿಸಿಕೊಂಡರು.

ಮುಖ್ಯ ಇಂಜಿನಿಯರ್ ಹಾಗೂ ರೈಲ್ವೆ ಕಾರ್ಯದರ್ಶಿ

1909ರ ನವೆಂಬರ್ ತಿಂಗಳಲ್ಲಿ ವಿಶ್ವೇಶ್ವರಯ್ಯನವರು ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರ್ ಆಗಿ ಅಧಿಕಾರ ಸ್ವೀಕರಿಸಿದರು. ಲೋಕೋಪಯೋಗಿ ಮತ್ತು ರೈಲ್ವೆ ವಿಷಯಗಳ ಕಾರ್ಯದರ್ಶಿ ಹುದ್ದೆಯೂ ಅವರದಾಗಿತ್ತು. 1911ರಲ್ಲಿ ಕೃಷ್ಣರಾಜಸಾಗರದ ಕಾಮಗಾರಿ ಪ್ರಾರಂಭವಾಯಿತು. ಅದೇ ವರ್ಷ ಮೈಸೂರು ಆರ್ಥಿಕ ಸಮ್ಮೇಳನವು ಅಸ್ತಿತ್ವಕ್ಕೆ ಬಂದಿತು. 1912ರ ನವೆಂಬರ್‌ನಲ್ಲಿ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ದಿವಾನರನ್ನಾಗಿ ನೇಮಿಸಿದರು.

ರೈಲುಮಾರ್ಗದ ವಿಷಯದಲ್ಲಿ ಅವರ ಮುಂದೆ ಇದ್ದ ಪ್ರಶ್ನೆಗಳನ್ನು ಸ್ಥೂಲವಾಗಿ ಮೂರು ಎನ್ನಬಹುದು.

1. ರೈಲು ಇಲ್ಲದ ಜಿಲ್ಲೆಗಳಿಗೆ ಮಿತವಾದ ವೆಚ್ಚದಲ್ಲಿ ಮಾರ್ಗವನ್ನು ಒದಗಿಸುವುದು ಹೇಗೆ?
2. ಸಂಸ್ಥಾನದ ಹಣದಿಂದ ಆದ ಮಾರ್ಗಗಳ ನಿರ್ವಹಣೆಯನ್ನು ಸಂಸ್ಥಾನದ ಕೈಗೆ ಪಡೆಯುವುದು ಹೇಗೆ?
3. ಸಮುದ್ರ ತೀರವಿಲ್ಲದ ಸಂಸ್ಥಾನಕ್ಕೆ ಬಂದರಿನ ಸಂಪರ್ಕವನ್ನು ಕಲ್ಪಿಸುವುದು ಹೇಗೆ?

ಈ ಮೂರರಲ್ಲಿ ಮೊದಲನೆಯದು ಅವರ ಅಧಿಕಾರಾವಧಿಯಲ್ಲಿ ಬಹುಮಟ್ಟಿಗೆ ಈಡೇರಿತು. ಎರಡನೆಯದು ಅವರು ನಿರ್ಗಮಿಸಿದ ಕೆಲವೇ ತಿಂಗಳುಗಳಲ್ಲಿ ಕೈಗೂಡಿತು. ಮೂರನೆಯದು ಅವರ ಜೀವಿತಕಾಲದಲ್ಲಿ ಈಡೇರಲಿಲ್ಲ.

ಕೋಲಾರ ಮತ್ತು ಚಿಕ್ಕಬಳ್ಳಾಪುರದ ನ್ಯಾರೋ ಗೇಜ್ ಮಾರ್ಗಗಳು

ಚಿನ್ನದ ಗಣಿಗಳಿಗೆ 1894ರಲ್ಲಿಯೇ ಬೌರಿಂಗ್‌ಪೇಟೆಯಿಂದ ಬ್ರಾಡ್ ಗೇಜ್ ಮಾರ್ಗವು ದೊರೆತಿತ್ತು. ಇಂದು ಬಂಗಾರಪೇಟೆ ಎಂದು ಕರೆಯಲಾಗುವ ಆ ನಿಲ್ದಾಣದಿಂದ ಕೇವಲ 18 ಕಿ.ಮೀ. ದೂರದಲ್ಲಿದ್ದ ಜಿಲ್ಲಾ ಕೇಂದ್ರ ಕೋಲಾರಕ್ಕೆ ಮಾತ್ರ ರೈಲು ಇರಲಿಲ್ಲ. ಗಣಿಗೆ ದೊರೆತ ಸೌಲಭ್ಯವು ಊರಿಗೆ ದೊರೆತಿರಲಿಲ್ಲ. 1913ರಲ್ಲಿ ಬೌರಿಂಗ್‌ಪೇಟೆ–ಕೋಲಾರ ಮಾರ್ಗವು ಸಂಚಾರಕ್ಕೆ ಮುಕ್ತವಾಯಿತು.

ಈ ಮಾರ್ಗಕ್ಕೆ ಎರಡೂವರೆ ಅಡಿ ಅಂತರದ ನ್ಯಾರೋ ಗೇಜ್ ಹಳಿಗಳನ್ನು ಆರಿಸಿಕೊಳ್ಳಲಾಯಿತು. ಬ್ರಾಡ್ ಗೇಜ್‌ನಲ್ಲಿ ಹಳಿಗಳ ನಡುವಿನ ಅಂತರವು ಐದೂವರೆ ಅಡಿ. ಮೀಟರ್ ಗೇಜ್‌ನಲ್ಲಿ ಒಂದು ಮೀಟರ್. ಅಂತರ ಕಡಿಮೆಯಾದಂತೆ ಹಳಿಯ ತೂಕ, ಏರಿಯ ಅಗಲ, ಸೇತುವೆಯ ಗಾತ್ರ ಮತ್ತು ಸ್ವಾಧೀನಪಡಿಸಿಕೊಳ್ಳಬೇಕಾದ ಜಮೀನು ಎಲ್ಲವೂ ಕಡಿಮೆಯಾಗುತ್ತವೆ. ತಿರುವುಗಳನ್ನು ಚಿಕ್ಕದಾಗಿ ಇರಿಸಬಹುದಾದ್ದರಿಂದ ಗುಡ್ಡ ಮತ್ತು ಕೆರೆಗಳನ್ನು ಬಳಸಿಕೊಂಡು ಸಾಗಬಹುದು. ಕಡಿಮೆ ಸರಕು ಮತ್ತು ಕಡಿಮೆ ಪ್ರಯಾಣಿಕರು ಇರುವ ಪ್ರದೇಶದಲ್ಲಿ ಬಂಡವಾಳದ ಬಡ್ಡಿಗೆ ಸಾಲುವಷ್ಟು ಆದಾಯವಾದರೂ ಬರಬೇಕಾದರೆ ಇಂತಹ ಮಿತವ್ಯಯ ಅನಿವಾರ್ಯವಾಗಿತ್ತು. ಆದರೆ ಇದಕ್ಕೆ ತೆರಬೇಕಾದ ಬೆಲೆಯೂ ಇತ್ತು. ಗಾಡಿಗಳ ವೇಗ ಕಡಿಮೆ. ಅಲ್ಲದೆ ಗೇಜ್ ಬದಲಾಗುವ ನಿಲ್ದಾಣದಲ್ಲಿ ಪ್ರತಿಯೊಂದು ಮೂಟೆಯನ್ನೂ ಒಂದು ಗಾಡಿಯಿಂದ ಇಳಿಸಿ ಮತ್ತೊಂದಕ್ಕೆ ಏರಿಸಬೇಕಾಗಿತ್ತು.

ಇದೇ ರೀತಿ ಬೆಂಗಳೂರು–ಚಿಕ್ಕಬಳ್ಳಾಪುರ ಲೈಟ್ ರೈಲ್ವೆ ಎಂಬ ಹೆಸರಿನಲ್ಲಿ ಪ್ರತ್ಯೇಕ ಕಂಪನಿಯು ರೂಪುಗೊಂಡು, ಯಲಹಂಕ, ದೇವನಹಳ್ಳಿ, ನಂದಿ ಮೂಲಕ ಚಿಕ್ಕಬಳ್ಳಾಪುರಕ್ಕೆ 1915ರ ಸುಮಾರಿಗೆ ನ್ಯಾರೋ ಗೇಜ್ ಮಾರ್ಗವನ್ನು ನಿರ್ಮಿಸಿತು. ಕೋಲಾರದ ಮಾರ್ಗವು ಶ್ರೀನಿವಾಸಪುರ, ಚಿಂತಾಮಣಿ ಮತ್ತು ಶಿಡ್ಲಘಟ್ಟದ ಮೂಲಕ ಮುಂದುವರಿದು ಇದರೊಂದಿಗೆ ಸೇರಿಕೊಂಡಿತು. ಹೀಗೆ ಬಂಗಾರಪೇಟೆಯಿಂದ ಯಲಹಂಕದವರೆಗೆ ಸುಮಾರು 150 ಕಿ.ಮೀ. ಉದ್ದದ ಮಾರ್ಗವು ಏರ್ಪಟ್ಟಿತು. ರೇಷ್ಮೆ, ಆಲೂಗಡ್ಡೆ, ಹುಣಿಸೆ ಹಾಗೂ ಬೆಲ್ಲದ ವ್ಯಾಪಾರಕ್ಕೆ ಹೆಸರಾದ ಈ ಬಯಲುಸೀಮೆಯ ಪೇಟೆಗಳಿಗೆ ಇದು ಮೊದಲ ರೈಲು. ವಿಶ್ವೇಶ್ವರಯ್ಯನವರು ವಿದ್ಯಾರ್ಥಿಯಾಗಿ ಊರು ಬಿಟ್ಟು ಹೊರಟಾಗ ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ರೈಲಿನ ಸೌಕರ್ಯವಿರಲಿಲ್ಲವೆಂಬುದನ್ನು ಇಲ್ಲಿ ಸ್ಮರಿಸಬಹುದು.

ಮಲೆನಾಡಿನಲ್ಲಿ ತರೀಕೆರೆಯಿಂದ ನರಸಿಂಹರಾಜಪುರದ ಕಡೆಗೆ ಹಾಕಲಾದ ಎರಡು ಅಡಿ ಅಂತರದ ಟ್ರಾಮ್‌ವೇ ಸಹ ಇಂತಹ ಮಿತವ್ಯಯದ ಮಾರ್ಗಗಳ ಸಾಲಿಗೆ ಸೇರುತ್ತದೆ. ಕಾಡಿನ ಮರಮುಟ್ಟುಗಳ ಸಾಗಣೆಗೆ ಇದು ನೆರವಾಯಿತು. ಈ ಮಾರ್ಗವು ಇಂದು ಅಸ್ತಿತ್ವದಲ್ಲಿಲ್ಲ.

ಮೈಸೂರು–ಅರಸೀಕೆರೆ ಮಾರ್ಗ

ಈ ಅವಧಿಯ ಅತ್ಯಂತ ದೊಡ್ಡ ರೈಲ್ವೆ ಕಾಮಗಾರಿ ಎಂದರೆ ಮೈಸೂರು–ಅರಸೀಕೆರೆ ಮೀಟರ್ ಗೇಜ್ ಮಾರ್ಗ. ಅದುವರೆಗೆ ಮೈಸೂರಿನಿಂದ ಹರಿಹರ ಅಥವಾ ಹುಬ್ಬಳ್ಳಿಯ ಕಡೆಗೆ ಹೋಗಬೇಕಾದವರು ಬೆಂಗಳೂರನ್ನು ಬಳಸಿಕೊಂಡು ಹೋಗಬೇಕಾಗಿತ್ತು. ಸರಕಿಗೂ ಅದೇ ಸುತ್ತು, ಅದೇ ಹೆಚ್ಚುವರಿ ಬಾಡಿಗೆ. ಹಾಸನ ಜಿಲ್ಲೆಯ ಕಾಫಿ, ಏಲಕ್ಕಿ ಮತ್ತು ಭತ್ತ ಗಾಡಿಗಳಲ್ಲಿ ದೂರದ ನಿಲ್ದಾಣಗಳಿಗೆ ಹೋಗಬೇಕಾಗಿತ್ತು.

ಹೊಸ ಮಾರ್ಗವು ಕೃಷ್ಣರಾಜನಗರ, ಹೊಳೆನರಸೀಪುರ ಮತ್ತು ಹಾಸನದ ಮೂಲಕ ಸುಮಾರು 166 ಕಿ.ಮೀ. ಸಾಗಿ ಅರಸೀಕೆರೆಯಲ್ಲಿ ಹರಿಹರದ ಮುಖ್ಯ ಮಾರ್ಗವನ್ನು ಸೇರುವಂತೆ ಯೋಜಿಸಲಾಯಿತು. ಕಾವೇರಿ ಮತ್ತು ಹೇಮಾವತಿ ನದಿಗಳನ್ನು ದಾಟಬೇಕಾಗಿದ್ದುದರಿಂದ ಸೇತುವೆಗಳ ಕೆಲಸವೂ ಇತ್ತು. 1914ರಲ್ಲಿ ಪ್ರಥಮ ಮಹಾಯುದ್ಧ ಪ್ರಾರಂಭವಾದ ನಂತರ ಇಂಗ್ಲೆಂಡಿನಿಂದ ಬರಬೇಕಾದ ಹಳಿ, ಗರ್ಡರ್ ಮತ್ತು ಇಂಜಿನ್‌ಗಳ ಸರಬರಾಜು ದುರ್ಲಭವಾಯಿತು, ಬೆಲೆಗಳು ಏರಿದವು. ಭಾರತದ ಕೆಲವು ಕಡೆಗಳಲ್ಲಿ ಇದ್ದ ಹಳಿಗಳನ್ನೇ ಕಿತ್ತು ಯುದ್ಧರಂಗಕ್ಕೆ ಕಳುಹಿಸಲಾಗುತ್ತಿದ್ದ ಕಾಲವದು. ಇಂತಹ ಪರಿಸ್ಥಿತಿಯಲ್ಲಿಯೂ ಕಾಮಗಾರಿಯನ್ನು ನಿಲ್ಲಿಸದೆ ಮುಂದುವರಿಸಲಾಯಿತು. 1918ರ ವೇಳೆಗೆ ಮಾರ್ಗವು ಪೂರ್ಣಗೊಂಡು ಹಾಸನವು ರೈಲ್ವೆ ನಕ್ಷೆಯಲ್ಲಿ ಸ್ಥಾನ ಪಡೆಯಿತು.

ನಿರ್ಮಾಣ ಕಾರ್ಯವನ್ನು ಕಂಪನಿಗೆ ಒಪ್ಪಿಸದೆ ಸಂಸ್ಥಾನದ ಸ್ವಂತ ರೈಲ್ವೆ ನಿರ್ಮಾಣ ವಿಭಾಗದ ಮೂಲಕ ನಡೆಸಿದುದು ಈ ಅವಧಿಯ ಮತ್ತೊಂದು ವಿಶೇಷ. ಮಾರ್ಗದ ಮೋಜಣಿಯಿಂದ ಹಿಡಿದು ಲೆಕ್ಕಪತ್ರದವರೆಗೆ ಅನುಭವ ಪಡೆದ ಸಿಬ್ಬಂದಿ ಸಂಸ್ಥಾನದಲ್ಲಿಯೇ ಸಿದ್ಧರಾದರು. ನಿರ್ವಹಣೆಯನ್ನು ಕಂಪನಿಯಿಂದ ಹಿಂಪಡೆಯಲು ಇದು ಅತ್ಯವಶ್ಯವಾದ ಪೂರ್ವಸಿದ್ಧತೆಯಾಗಿತ್ತು.

ಭಟ್ಕಳ ಬಂದರಿನ ಯೋಜನೆ

ಮೈಸೂರು ಸಂಸ್ಥಾನವು ಸುತ್ತಲೂ ಬ್ರಿಟಿಷ್ ಪ್ರಾಂತ್ಯಗಳಿಂದ ಆವೃತವಾಗಿತ್ತು. ಅರಬ್ಬೀ ಸಮುದ್ರವು ಪಶ್ಚಿಮದ ಗಡಿಯಿಂದ ಅಲ್ಪ ದೂರದಲ್ಲಿಯೇ ಇದ್ದರೂ ಒಂದು ಅಂಗುಲ ತೀರವೂ ಸಂಸ್ಥಾನಕ್ಕೆ ಸೇರಿರಲಿಲ್ಲ. ಸಂಸ್ಥಾನದ ಸರಕು ಮದ್ರಾಸ್ ಅಥವಾ ಮರ್ಮಗೋವಾದಂತಹ ದೂರದ ಬಂದರುಗಳ ಮೂಲಕವೇ ಹೊರಗೆ ಹೋಗಬೇಕಾಗಿತ್ತು.

ಇದಕ್ಕೆ ಪರಿಹಾರವಾಗಿ ವಿಶ್ವೇಶ್ವರಯ್ಯನವರು ಭಟ್ಕಳದಲ್ಲಿ ಬಂದರನ್ನು ಅಭಿವೃದ್ಧಿಪಡಿಸಿ, ಮಲೆನಾಡಿನ ಮೂಲಕ ಅಲ್ಲಿಗೆ ರೈಲುಮಾರ್ಗವನ್ನು ಒಯ್ಯುವ ಯೋಜನೆಯನ್ನು ಮುಂದಿಟ್ಟರು. ಭಟ್ಕಳವು ಆಗ ಬೊಂಬಾಯಿ ಪ್ರಾಂತ್ಯದ ಉತ್ತರ ಕನ್ನಡ ಜಿಲ್ಲೆಗೆ ಸೇರಿತ್ತು. ಆದ್ದರಿಂದ ಭಾರತ ಸರ್ಕಾರದ ಒಪ್ಪಿಗೆಯಿಲ್ಲದೆ ಈ ಯೋಜನೆಯು ಮುಂದುವರಿಯುವಂತಿರಲಿಲ್ಲ. ಪಶ್ಚಿಮ ಘಟ್ಟದ ಕಡಿದಾದ ಇಳಿಜಾರಿನಲ್ಲಿ ಮಾರ್ಗ ನಿರ್ಮಾಣದ ವೆಚ್ಚ, ಯುದ್ಧಕಾಲದ ಹಣದ ಮುಗ್ಗಟ್ಟು ಮತ್ತು ಪರಪ್ರಾಂತ್ಯದ ನೆಲದ ಮೇಲಿನ ಅಧಿಕಾರದ ಪ್ರಶ್ನೆ ಇವುಗಳಿಂದಾಗಿ ಯೋಜನೆಯು ಕಾರ್ಯರೂಪಕ್ಕೆ ಬರಲಿಲ್ಲ. ಶಿವಮೊಗ್ಗದ ಮಾರ್ಗವು ಮುಂದೆ ಹಂತಹಂತವಾಗಿ ಪಶ್ಚಿಮಕ್ಕೆ ಬೆಳೆದು 1940ರಲ್ಲಿ ತಾಳಗುಪ್ಪವನ್ನು ತಲುಪಿ ಅಲ್ಲಿಯೇ ನಿಂತಿತು. ಘಟ್ಟವನ್ನು ಇಳಿದು ಮೈಸೂರು, ಹಾಸನದ ಪ್ರದೇಶವನ್ನು ಕರಾವಳಿಗೆ ಜೋಡಿಸುವ ಹಾಸನ–ಮಂಗಳೂರು ಮಾರ್ಗವು ಪೂರ್ಣಗೊಂಡಿದ್ದು 1979ರಲ್ಲಿ. ಭಟ್ಕಳಕ್ಕೆ ರೈಲು ಬಂದಿದ್ದು 1998ರಲ್ಲಿ ಪೂರ್ಣಗೊಂಡ ಕೊಂಕಣ ರೈಲ್ವೆಯ ಮೂಲಕ.

ನಿರ್ವಹಣೆ ಸಂಸ್ಥಾನದ ಕೈಗೆ

ಸಂಸ್ಥಾನದ ಮಾರ್ಗಗಳನ್ನು ಸಂಸ್ಥಾನವೇ ನಡೆಸಬೇಕೆಂಬುದು ವಿಶ್ವೇಶ್ವರಯ್ಯನವರ ದೃಢವಾದ ನಿಲುವಾಗಿತ್ತು. ಇದು ಕೇವಲ ಪ್ರತಿಷ್ಠೆಯ ವಿಷಯವಾಗಿರಲಿಲ್ಲ. ಮಾರ್ಗವನ್ನು ನಡೆಸುವವರಿಗೆ ಬಾಡಿಗೆಯ ದರವನ್ನು ನಿಗದಿಪಡಿಸುವ ಅಧಿಕಾರವಿರುತ್ತದೆ. ದರದ ಮೇಲೆ ಕಾರ್ಖಾನೆಗಳ ಮತ್ತು ರೈತರ ಲಾಭನಷ್ಟ ನಿಂತಿರುತ್ತದೆ. ಕೈಗಾರಿಕೆಗಳನ್ನು ಬೆಳೆಸಬೇಕೆಂದು ಹೊರಟ ಸರ್ಕಾರಕ್ಕೆ ಈ ಅಧಿಕಾರವಿಲ್ಲದಿದ್ದರೆ ಉಳಿದ ಪ್ರಯತ್ನಗಳು ಅರೆಬರೆಯಾಗುತ್ತವೆಂಬುದು ಅವರ ಅಭಿಪ್ರಾಯವಾಗಿತ್ತು.

ಆದರೆ ಆ ದಿನವನ್ನು ದಿವಾನರಾಗಿ ನೋಡುವ ಅವಕಾಶ ಅವರಿಗೆ ಒದಗಲಿಲ್ಲ. ಸರ್ಕಾರಿ ಹುದ್ದೆಗಳಲ್ಲಿ ಹಿಂದುಳಿದ ವರ್ಗಗಳಿಗೆ ಸೂಕ್ತ ಪ್ರಾತಿನಿಧ್ಯ ಕಲ್ಪಿಸುವ ಬಗ್ಗೆ ಪರಿಶೀಲಿಸಲು ಮಹಾರಾಜರು 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ರಚಿಸಿದರು. ಈ ವಿಷಯದಲ್ಲಿ ದಿವಾನರಿಗೆ ಭಿನ್ನಾಭಿಪ್ರಾಯವಿತ್ತು. 1918ರ ಅಂತ್ಯದಲ್ಲಿ ಅವರು ಅಧಿಕಾರವನ್ನು ತ್ಯಜಿಸಿದರು. ಸಮಿತಿಯ ಶಿಫಾರಸುಗಳು ಮುಂದೆ ಹಿಂದುಳಿದ ವರ್ಗಗಳ ಸೌಲಭ್ಯಗಳಿಗೆ ಬುನಾದಿಯಾದವು ಎಂಬುದನ್ನೂ ಇಲ್ಲಿ ದಾಖಲಿಸುವುದು ಸೂಕ್ತ.

1919ರ ಅಕ್ಟೋಬರ್‌ನಲ್ಲಿ ಬೆಂಗಳೂರು–ಮೈಸೂರು ಮಾರ್ಗವೂ ಸೇರಿದಂತೆ ಪ್ರಮುಖ ಮಾರ್ಗಗಳ ನಿರ್ವಹಣೆಯನ್ನು ಮೈಸೂರು ಸರ್ಕಾರವು ಕಂಪನಿಯಿಂದ ವಹಿಸಿಕೊಂಡಿತು. ಬೆಂಗಳೂರು–ಹರಿಹರ ಮಾರ್ಗವು ಮಾತ್ರ ಇನ್ನೂ ಕೆಲವು ಕಾಲ ಕಂಪನಿಯ ಬಳಿಯೇ ಉಳಿಯಿತು. 1924ರಲ್ಲಿ ಮೈಸೂರಿನಲ್ಲಿ ರೈಲ್ವೆ ಕಾರ್ಯಾಗಾರವು ಪ್ರಾರಂಭವಾಯಿತು. 1926ರಲ್ಲಿ ನಂಜನಗೂಡಿನ ಮಾರ್ಗವು ಚಾಮರಾಜನಗರದವರೆಗೆ ಮುಂದುವರಿಯಿತು. ಮೈಸೂರು ಸ್ಟೇಟ್ ರೈಲ್ವೆ ಎಂಬ ಸಂಸ್ಥೆಯು ಮೂರು ದಶಕಗಳ ಕಾಲ ಸಂಸ್ಥಾನದ ಆಡಳಿತದಲ್ಲಿಯೇ ನಡೆಯಿತು. ಸ್ವಾತಂತ್ರ್ಯಾನಂತರ ಇದು ಭಾರತ ಸರ್ಕಾರದ ಸ್ವಾಧೀನಕ್ಕೆ ಬಂದು, 1951ರ ಏಪ್ರಿಲ್ 14 ರಂದು ರಚಿತವಾದ ದಕ್ಷಿಣ ರೈಲ್ವೆಯಲ್ಲಿ ವಿಲೀನಗೊಂಡಿತು.

ಭದ್ರಾವತಿ ಮತ್ತು ರೈಲು

ಕೈಗಾರಿಕೆ ಮತ್ತು ರೈಲು ಪರಸ್ಪರ ಅವಲಂಬಿತ ಎಂಬುದಕ್ಕೆ ಭದ್ರಾವತಿಯ ಮೈಸೂರು ಕಬ್ಬಿಣದ ಕಾರ್ಖಾನೆಯು ಉತ್ತಮ ನಿದರ್ಶನ. ಬೀರೂರು–ಶಿವಮೊಗ್ಗ ಮಾರ್ಗವು ಈ ಸ್ಥಳದ ಮೂಲಕ ಹಾದುಹೋಗುತ್ತಿದ್ದುದರಿಂದ ಭಾರವಾದ ಯಂತ್ರಗಳನ್ನು ತರಲು ಮತ್ತು ತಯಾರಾದ ಕಬ್ಬಿಣವನ್ನು ಕಳುಹಿಸಲು ಅನುಕೂಲವಾಯಿತು. ಕೆಮ್ಮಣ್ಣುಗುಂಡಿಯ ಅದಿರು ಮತ್ತು ಮಲೆನಾಡಿನ ಕಾಡಿನ ಕಟ್ಟಿಗೆಯ ಇದ್ದಿಲು ಇದರ ಕಚ್ಚಾ ಸಾಮಗ್ರಿಗಳು. 1923ರಲ್ಲಿ ಉತ್ಪಾದನೆ ಪ್ರಾರಂಭವಾದಾಗ ಯುದ್ಧಾನಂತರದ ಬೆಲೆ ಕುಸಿತದಿಂದ ಕಾರ್ಖಾನೆಯು ಸಂಕಷ್ಟದಲ್ಲಿತ್ತು. ಅಧಿಕಾರದಿಂದ ಹೊರಗಿದ್ದ ವಿಶ್ವೇಶ್ವರಯ್ಯನವರನ್ನು ಸರ್ಕಾರವು ಆಡಳಿತ ಮಂಡಳಿಯ ಅಧ್ಯಕ್ಷರನ್ನಾಗಿ ಆಹ್ವಾನಿಸಿತು. ಮುಂದಿನ ಕೆಲವು ವರ್ಷಗಳಲ್ಲಿ ವೆಚ್ಚವನ್ನು ಹಿಡಿತಕ್ಕೆ ತಂದು ಅವರು ಅದನ್ನು ಉಳಿಸಿದರು.

ಮೊಕಾಮಾ ಸೇತುವೆ

ವಯಸ್ಸು ತೊಂಬತ್ತು ದಾಟಿದ ಮೇಲೂ ರೈಲ್ವೆಯೊಂದಿಗೆ ಅವರ ಸಂಬಂಧ ಮುಗಿಯಲಿಲ್ಲ. ಬಿಹಾರದಲ್ಲಿ ಗಂಗಾ ನದಿಗೆ ರೈಲು ಮತ್ತು ರಸ್ತೆ ಎರಡಕ್ಕೂ ಉಪಯೋಗವಾಗುವ ಸೇತುವೆಯನ್ನು ಎಲ್ಲಿ ನಿರ್ಮಿಸಬೇಕೆಂಬ ಬಗ್ಗೆ ಸ್ಥಳೀಯ ಹಿತಾಸಕ್ತಿಗಳ ನಡುವೆ ಪೈಪೋಟಿ ಉಂಟಾಗಿತ್ತು. ಸ್ಥಳದ ಆಯ್ಕೆಯ ಕುರಿತು ಸಲಹೆ ನೀಡುವ ಹೊಣೆಯನ್ನು ಕೇಂದ್ರ ಸರ್ಕಾರವು ವಿಶ್ವೇಶ್ವರಯ್ಯನವರಿಗೆ ಒಪ್ಪಿಸಿತು. ಮೊಕಾಮಾದ ಬಳಿ ನಿರ್ಮಾಣಗೊಂಡ ಸುಮಾರು 2 ಕಿ.ಮೀ. ಉದ್ದದ ಸೇತುವೆಯು 1959ರಲ್ಲಿ ಪ್ರಧಾನಿ ಜವಾಹರಲಾಲ್ ನೆಹರು ಅವರಿಂದ ಉದ್ಘಾಟನೆಗೊಂಡಿತು. ರಾಜೇಂದ್ರ ಸೇತು ಎಂಬ ಹೆಸರಿನ ಈ ಸೇತುವೆಯು ಉತ್ತರ ಮತ್ತು ದಕ್ಷಿಣ ಬಿಹಾರವನ್ನು ರೈಲಿನ ಮೂಲಕ ಜೋಡಿಸಿತು.

1955ರಲ್ಲಿ ಭಾರತ ಸರ್ಕಾರವು ವಿಶ್ವೇಶ್ವರಯ್ಯನವರಿಗೆ ಭಾರತರತ್ನ ಪ್ರಶಸ್ತಿಯನ್ನು ನೀಡಿ ಗೌರವಿಸಿತು. 1962ರ ಏಪ್ರಿಲ್ ತಿಂಗಳಿನಲ್ಲಿ ಅವರು ಬೆಂಗಳೂರಿನಲ್ಲಿ ನಿಧನರಾದರು. ಹುಟ್ಟೂರು ಮುದ್ದೇನಹಳ್ಳಿಯಲ್ಲಿ ಅವರ ಸಮಾಧಿ ಇದೆ. ಅವರ ಜನ್ಮದಿನವಾದ ಸೆಪ್ಟೆಂಬರ್ 15ನ್ನು ದೇಶದಾದ್ಯಂತ ಇಂಜಿನಿಯರುಗಳ ದಿನವನ್ನಾಗಿ ಆಚರಿಸಲಾಗುತ್ತದೆ.

ಆ ಮಾರ್ಗಗಳು ಇಂದು

ಮೈಸೂರು–ಅರಸೀಕೆರೆ ಮಾರ್ಗವನ್ನು 1990ರ ದಶಕದಲ್ಲಿ ಬ್ರಾಡ್ ಗೇಜ್‌ಗೆ ಪರಿವರ್ತಿಸಲಾಯಿತು. ಬಂಗಾರಪೇಟೆ–ಯಲಹಂಕ ನ್ಯಾರೋ ಗೇಜ್ ಮಾರ್ಗದ ಎರಡು ತುದಿಗಳು ಅದೇ ದಶಕದಲ್ಲಿ ಬ್ರಾಡ್ ಗೇಜ್ ಆದರೂ, ಕೋಲಾರ–ಚಿಕ್ಕಬಳ್ಳಾಪುರ ನಡುವಿನ ಭಾಗವು ಸಿದ್ಧವಾಗಲು 2013ರವರೆಗೆ ಕಾಯಬೇಕಾಯಿತು. ಹುಬ್ಬಳ್ಳಿಯನ್ನು ಕೇಂದ್ರವಾಗಿ ಹೊಂದಿರುವ ನೈಋತ್ಯ ರೈಲ್ವೆಯು 2003ರಲ್ಲಿ ಕಾರ್ಯಾರಂಭ ಮಾಡಿದ ನಂತರ ಹಳೆಯ ಮೈಸೂರು ಸಂಸ್ಥಾನದ ಬಹುಪಾಲು ಮಾರ್ಗಗಳು ಅದರ ವ್ಯಾಪ್ತಿಗೆ ಸೇರಿವೆ. ಮಾರ್ಗವು ತಮ್ಮ ಜಿಲ್ಲೆಯಲ್ಲಿದ್ದು ಅದರ ತೀರ್ಮಾನಗಳು ದೂರದಲ್ಲಿ ಆಗುತ್ತವೆ ಎಂಬ ಹಳೆಯ ಅಹವಾಲಿಗೆ ಇದರಿಂದ ತಕ್ಕಮಟ್ಟಿನ ಪರಿಹಾರ ದೊರೆಯಿತು. ಸಂಸ್ಥಾನದ ಕಾಲದ ಇಂಜಿನ್ ಮತ್ತು ಬೋಗಿಗಳಲ್ಲಿ ಕೆಲವನ್ನು ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ ಸಾರ್ವಜನಿಕರು ವೀಕ್ಷಿಸಬಹುದಾಗಿದೆ.

ಬೆಂಗಳೂರಿನ ಬೈಯಪ್ಪನಹಳ್ಳಿಯಲ್ಲಿ 2022ರಲ್ಲಿ ಸೇವೆಗೆ ಮುಕ್ತವಾದ ರೈಲ್ವೆ ಟರ್ಮಿನಲ್‌ಗೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರನ್ನು ಇಡಲಾಗಿದೆ. 1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರಿಗೆ ಬಂದ ಮೊದಲ ಹಳಿಗಳು ಹಾದುಹೋದದ್ದು ಇದೇ ದಿಕ್ಕಿನಿಂದ.